ಮುಖದ ಮಾಯದ ಮಚ್ಚೆ: ಟ್ಯೂಬ್ ಸಾಕು, ಬಯಾಪ್ಸಿ ಬೇಕು

ಹುಬ್ಬಿನ ಕೂದಲು ಉದುರತೊಡಗಿದರೆ ಹಳ್ಳಿಯಲ್ಲಿ ಹುಟ್ಟುವ ಅನುಮಾನ ಒಂದೇ. ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹಣೆಯ ಚರ್ಮ ದಪ್ಪಗಾಗಿ, ಕಿವಿಯ ಹಾಲೆ ಊದಿಕೊಂಡು, ಕೆನ್ನೆಯ ಮೇಲೆ ಗಂಟುಗಳೆದ್ದರೆ ಅನುಮಾನ ಗಟ್ಟಿಯಾಗುತ್ತದೆ. ಮನೆಯಲ್ಲಿ ಊಟದ ತಟ್ಟೆ ಬೇರೆಯಾಗುತ್ತದೆ, ಮಗಳ ಮದುವೆ ಮಾತು ಅಲ್ಲಿಗೇ ನಿಲ್ಲುತ್ತದೆ. ಕುಷ್ಠರೋಗ ಬಲಿತಾಗ ಮುಖ ಹೀಗಾಗುವುದು ನಿಜ. ಆದರೆ ಇದೇ ಹುಬ್ಬು, ಇದೇ ಹಣೆ, ಇದೇ ಕಿವಿ ಇನ್ನೊಂದು ಕಾಯಿಲೆಯಲ್ಲೂ ಹೀಗೇ ಆಗುತ್ತವೆ. ಅದು ಚರ್ಮದ ಲಿಂಫೋಮಾ, ಅಂದರೆ ಬಿಳಿ ರಕ್ತಕಣಗಳು ಚರ್ಮದಲ್ಲೇ ನೆಲೆಯೂರಿ ಬೆಳೆಯುವ ಕ್ಯಾನ್ಸರ್. ವೈದ್ಯರು ಎರಡೂ ಕಡೆ ‘ಸಿಂಹಮುಖ’ ಎಂಬ ಒಂದೇ ಹೆಸರನ್ನು ಬಳಸುತ್ತಾರೆ. ಮೊದಲನೆಯ ಕಾಯಿಲೆಗೆ ಸರ್ಕಾರ ಪುಕ್ಕಟೆ ಮಾತ್ರೆ ಕೊಡುತ್ತದೆ, ಆಶಾ ಕಾರ್ಯಕರ್ತೆಯರನ್ನು ಮನೆಮನೆಗೆ ಕಳಿಸಿ ಹುಡುಕಿಸುತ್ತದೆ. ಎರಡನೆಯದನ್ನು ಹುಡುಕುವವರಿಲ್ಲ.

ಗುಬ್ಬಿ ತಾಲ್ಲೂಕಿನ ನಿಟ್ಟೂರನ್ನೇ ತೆಗೆದುಕೊಳ್ಳಿ. ಹೋಬಳಿ ಕೇಂದ್ರ, ತುಮಕೂರು–ಶಿವಮೊಗ್ಗ ಹೆದ್ದಾರಿಯ ಮೇಲಿನ ಊರು, ರೈಲು ನಿಲ್ದಾಣವೂ ಇದೆ, ಸುತ್ತ ತೆಂಗು, ಅಡಿಕೆ ತೋಟ. ಇಂಥ ಊರಿನಲ್ಲಿ ಒಬ್ಬರ ಕೆನ್ನೆಯ ಮೇಲೆ ಮಚ್ಚೆಯೊಂದು ಎದ್ದರೆ ಅದು ಹಿಡಿಯುವ ದಾರಿ ಎಲ್ಲರಿಗೂ ಗೊತ್ತಿರುವಂಥದ್ದೇ. ಮೊದಲು ಮನೆಮದ್ದು. ಸರ್ಪಸುತ್ತು ಅನ್ನಿಸಿದರೆ ಜಾಜು ಬರೆಸುವುದು. ಆಮೇಲೆ ಮೆಡಿಕಲ್ ಸ್ಟೋರ್: ‘ಹುಳುಕಡ್ಡಿ ಥರ ಆಗಿದೆ, ಏನಾದ್ರೂ ಕೊಡಿ’. ಕೊಟ್ಟ ಟ್ಯೂಬ್ ಹಚ್ಚಿದ ನಾಲ್ಕೇ ದಿನಕ್ಕೆ ಕೆಂಪು ಇಳಿಯುತ್ತದೆ, ತುರಿಕೆ ನಿಲ್ಲುತ್ತದೆ. ಬಿಟ್ಟರೆ ಮತ್ತೆ ಬರುತ್ತದೆ. ಇನ್ನೊಂದು ಟ್ಯೂಬ್. ಹಾಗೇ ಊರಿನ ಕ್ಲಿನಿಕ್ಕು, ಗುಬ್ಬಿಯ ತಾಲ್ಲೂಕು ಆಸ್ಪತ್ರೆ, ತುಮಕೂರಿನ ಚರ್ಮದ ಡಾಕ್ಟರು. ಒಂದೊಂದು ಮೆಟ್ಟಿಲು ಹತ್ತಲೂ ತಿಂಗಳುಗಟ್ಟಲೆ ಹಿಡಿಯುತ್ತದೆ. ಚರ್ಮದ ಲಿಂಫೋಮಾದ ರೋಗಿಗಳನ್ನು ಹಲವು ದೇಶಗಳ ಆಸ್ಪತ್ರೆಗಳಲ್ಲಿ ದಾಖಲಿಸಿಕೊಂಡ ‘ಪ್ರೊಕ್ಲಿಪಿ’ ಎಂಬ ಅಂತರರಾಷ್ಟ್ರೀಯ ಅಧ್ಯಯನದಲ್ಲಿ, ಮೊದಲ ಲಕ್ಷಣ ಕಂಡಾಗಿನಿಂದ ಕಾಯಿಲೆ ಪತ್ತೆಯಾಗುವವರೆಗಿನ ಮಧ್ಯಮ ಅವಧಿ ಮೂರು ವರ್ಷ. ಚರ್ಮತಜ್ಞರಿಗೆ ಬರವಿಲ್ಲದ ಯುರೋಪಿನ ಆಸ್ಪತ್ರೆಗಳೇ ಹೆಚ್ಚಾಗಿರುವ ಅಧ್ಯಯನದ ಲೆಕ್ಕ ಇದು.

ಚರ್ಮದ ಲಿಂಫೋಮಾ ಒಂದೇ ಕಾಯಿಲೆಯಲ್ಲ. ಸೋಂಕಿನ ವಿರುದ್ಧ ಹೋರಾಡುವ ಲಿಂಫೋಸೈಟ್ ಕಣಗಳಲ್ಲಿ ಟಿ ಮತ್ತು ಬಿ ಎಂಬ ಎರಡು ಮುಖ್ಯ ಬಗೆಗಳಿವೆ. ಯಾವ ಬಗೆ ಹದ ತಪ್ಪಿತು ಎಂಬುದರ ಮೇಲೆ ಕಾಯಿಲೆಯ ಸ್ವಭಾವ ಬದಲಾಗುತ್ತದೆ. ಸುಮಾರು ಅರ್ಧದಷ್ಟು ರೋಗಿಗಳಲ್ಲಿ ಕಾಣುವುದು ಮೈಕೋಸಿಸ್ ಫಂಗಾಯ್ಡಿಸ್ ಎಂಬ ಟಿ-ಕಣದ ಲಿಂಫೋಮಾ. ಪ್ಯಾರಿಸ್ಸಿನ ಸೇಂಟ್ ಲೂಯಿ ಆಸ್ಪತ್ರೆಯ ವೈದ್ಯ ಜಾನ್ ಲೂಯಿ ಅಲಿಬೇರ್ 1806ರಲ್ಲೇ, ಮೈಮೇಲೆ ಅಣಬೆಯಂಥ ಗಡ್ಡೆಗಳೆದ್ದ ರೋಗಿಯೊಬ್ಬರಲ್ಲಿ ಇದನ್ನು ಗುರುತಿಸಿ ವಿವರಿಸಿದ್ದರು. ಹೆಸರು ನೋಡಿ ಫಂಗಸ್ಸಿನ ಔಷಧ ಹಚ್ಚಿಕೊಂಡರೆ ಪ್ರಯೋಜನವಿಲ್ಲ, ಇದಕ್ಕೂ ಶಿಲೀಂಧ್ರಕ್ಕೂ ಸಂಬಂಧವಿಲ್ಲ. ಇದು ಅಂಟುವುದೂ ಇಲ್ಲ. ಸಾಮಾನ್ಯವಾಗಿ ಬಟ್ಟೆ ಮುಚ್ಚುವ ಜಾಗಗಳಲ್ಲಿ ಮಚ್ಚೆಯಾಗಿ ಶುರುವಾಗಿ ವರ್ಷಗಟ್ಟಲೆ ಹಾಗೇ ಇರುತ್ತದೆ. ಕೆಲವರಲ್ಲಿ ದಪ್ಪಗಾಗುತ್ತದೆ, ಇನ್ನೂ ಕೆಲವರಲ್ಲಿ ಗಡ್ಡೆಯಾಗುತ್ತದೆ. ಮುಖವನ್ನು ವಿಶೇಷವಾಗಿ ಹಿಡಿಯುವುದು ಇದರ ಒಂದು ಉಪಜಾತಿ. ಅದರಲ್ಲಿ ಕೆಟ್ಟ ಕಣಗಳು ಕೂದಲಿನ ಬುಡವನ್ನು ಮುತ್ತುತ್ತವೆ. ಮೊಡವೆಯಂಥ ಗುಳ್ಳೆ, ತಾಳಲಾರದ ತುರಿಕೆ, ಹುಬ್ಬು ಬೋಳಾಗುವುದು ಇದರ ಗುರುತು. ಗಡ್ಡ ಬರುವ ಜಾಗದಲ್ಲಿ ಕೂದಲು ತೇಪೆತೇಪೆಯಾಗಿ ಉದುರಿ, ‘ಹುಳ ತಿಂದಿದೆ’ ಅನ್ನಿಸಿಕೊಳ್ಳುವುದೂ ಉಂಟು.

ಎಷ್ಟು ಅಪರೂಪ? ಅಮೆರಿಕದಲ್ಲಿ ಚರ್ಮದ ಟಿ-ಕಣ ಲಿಂಫೋಮಾ ಹತ್ತು ಲಕ್ಷ ಜನರಲ್ಲಿ ವರ್ಷಕ್ಕೆ ಸುಮಾರು ಆರು ಮಂದಿಗೆ ಹೊಸದಾಗಿ ಬರುತ್ತದೆ. 2011ರ ಜನಗಣತಿಯಲ್ಲಿ ತುಮಕೂರು ಜಿಲ್ಲೆಯ ಜನಸಂಖ್ಯೆ ಸುಮಾರು 27 ಲಕ್ಷ. ನಮ್ಮಲ್ಲಿನ ಪ್ರಮಾಣ ಅಮೆರಿಕದ ಅರ್ಧದಷ್ಟೇ ಎಂದಿಟ್ಟುಕೊಂಡರೂ ಜಿಲ್ಲೆಯಲ್ಲಿ ವರ್ಷಕ್ಕೆ ಎಂಟು ಜನ. ಇದು ಒರಟು ಲೆಕ್ಕ, ಸಮೀಕ್ಷೆಯಲ್ಲ. ಆದರೂ ಹತ್ತು ವರ್ಷಕ್ಕೆ ಎಂಬತ್ತು ಜನ ಎಂದರೆ ‘ನಮ್ಮ ಕಡೆ ಇಂಥದ್ದೆಲ್ಲ ಇಲ್ಲ’ ಎಂದು ಕೈತೊಳೆದುಕೊಳ್ಳುವಷ್ಟು ಸಣ್ಣ ಸಂಖ್ಯೆಯಲ್ಲ. ಅವರೆಲ್ಲ ಎಲ್ಲಿದ್ದಾರೆ? ಕೆಲವರು ಬೆಂಗಳೂರಿನ ಆಸ್ಪತ್ರೆಗಳಲ್ಲಿ ಸರಿಯಾದ ಚಿಕಿತ್ಸೆ ಪಡೆಯುತ್ತಿರುತ್ತಾರೆ. ಉಳಿದವರು ಇಸುಬು, ತೊನ್ನು, ಚಿಬ್ಬು, ಕುಷ್ಠ ಎಂಬ ಬೇರೆ ಬೇರೆ ಹೆಸರುಗಳ ಕೆಳಗೆ ಅಡಗಿರುತ್ತಾರೆ.

ನಮ್ಮ ಮೈಬಣ್ಣವೂ ಇದನ್ನು ಅಡಗಿಸುತ್ತದೆ. ಹಳೆಯ ಪಠ್ಯಪುಸ್ತಕಗಳ ಚಿತ್ರಗಳಲ್ಲಿ ಬಿಳಿ ಚರ್ಮದ ಮೇಲೆ ಕೆಂಪು ಮಚ್ಚೆ. ಕಪ್ಪು, ಎಣ್ಣೆಗೆಂಪು ಚರ್ಮದವರಲ್ಲಿ, ಅದರಲ್ಲೂ ಮಕ್ಕಳಲ್ಲಿ ಮತ್ತು ಹರೆಯದವರಲ್ಲಿ, ಇದೇ ಕಾಯಿಲೆ ಬಣ್ಣಗೆಟ್ಟ ಬಿಳಿಚು ಮಚ್ಚೆಯಾಗಿ ಕಾಣಿಸಿಕೊಳ್ಳುತ್ತದೆ. ಮಗುವಿನ ಕೆನ್ನೆಯ ಮೇಲೆ ಬಿಳಿಚು ಮಚ್ಚೆ ಕಂಡರೆ ‘ಹೊಟ್ಟೇಲಿ ಜಂತುಹುಳ ಇದೆ’ ಅನ್ನುವುದು ನಮ್ಮಲ್ಲಿ ಮನೆಮನೆಯ ಮಾತು. ತಾಯಂದಿರು ಗಾಬರಿಯಾಗಬೇಕಿಲ್ಲ. ಅಂಥ ಮಚ್ಚೆಗಳಲ್ಲಿ ಬಹುಪಾಲು ನಿರುಪದ್ರವಿಯಾದ ಒಣಚರ್ಮದ ತೊಂದರೆ, ತಾನಾಗಿಯೇ ಹೋಗುತ್ತದೆ. ಗಮನ ಕೊಡಬೇಕಾದ್ದು ವರ್ಷ ಕಳೆದರೂ ಹೋಗದ, ಸೊಂಟ, ಪೃಷ್ಠ, ತೊಡೆಯ ಮೇಲೂ ಇರುವ ಮಚ್ಚೆಗಳಿಗೆ. ತೊಂದರೆ ಬರುವುದೂ ಅಲ್ಲೇ. ರೋಗಿ ವೈದ್ಯರಿಗೆ ತೋರಿಸುವುದು ಮುಖವನ್ನು. ಸುಳಿವು ಇರುವುದು ಸೀರೆಯ ಕೆಳಗೆ, ಚಡ್ಡಿಯ ಕೆಳಗೆ. ಜನ ಗಿಜಿಗುಡುವ ಹೊರರೋಗಿ ವಿಭಾಗದಲ್ಲಿ, ಪರದೆಯೂ ಇಲ್ಲದ ಮೂಲೆಯಲ್ಲಿ ಯಾವ ಹೆಣ್ಣುಮಗಳು ಸೊಂಟ ತೋರಿಸುತ್ತಾಳೆ? ಮುಖದ ಮಚ್ಚೆಗೆಂದು ಬಂದವರ ಇಡೀ ಮೈ ನೋಡಲು ಒಂದು ಪರದೆ, ಜೊತೆಗೆ ಒಬ್ಬ ನರ್ಸ್ ಬೇಕು. ಇಷ್ಟು ಸಣ್ಣ ಏರ್ಪಾಡು ಇಲ್ಲದಿದ್ದರೆ ದೊಡ್ಡ ರೋಗವೊಂದು ತಪ್ಪಿಸಿಕೊಳ್ಳುತ್ತದೆ.

ಇನ್ನು ಆ ಟ್ಯೂಬಿನ ವಿಚಾರ. ಭಾರತದಲ್ಲಿ ಚೀಟಿಯಿಲ್ಲದೆ ಮಾರಾಟವಾಗುವ ಚರ್ಮದ ಮುಲಾಮುಗಳಲ್ಲಿ ಎಷ್ಟೋ ಸ್ಟಿರಾಯ್ಡ್, ಫಂಗಸ್ ಔಷಧ, ಆ್ಯಂಟಿಬಯೋಟಿಕ್ ಮೂರನ್ನೂ ಬೆರೆಸಿದ ಮಿಶ್ರಣಗಳು. ಮುಖ ಬೆಳ್ಳಗಾಗಲೆಂದು, ಮೊಡವೆಗೆಂದು, ಬಂಗಿಗೆಂದು ಇವನ್ನು ತಿಂಗಳುಗಟ್ಟಲೆ ಹಚ್ಚಿ ಮುಖವನ್ನೇ ಹಾಳುಮಾಡಿಕೊಂಡವರು ಎಷ್ಟು ಹೆಚ್ಚಾದರೆಂದರೆ, ‘ಸ್ಟಿರಾಯ್ಡ್‌ನಿಂದ ಹಾಳಾದ ಮುಖ’ ಎಂಬುದನ್ನೇ ಒಂದು ಪ್ರತ್ಯೇಕ ಕಾಯಿಲೆಯಾಗಿ ಭಾರತದ ಚರ್ಮವೈದ್ಯರು 2008ರಲ್ಲಿ ಹೆಸರಿಸಬೇಕಾಯಿತು. ಚರ್ಮವೈದ್ಯರ ರಾಷ್ಟ್ರೀಯ ಸಂಘ ಇದರ ವಿರುದ್ಧ ಕಾರ್ಯಪಡೆಯನ್ನೇ ರಚಿಸಿತು. 2018ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ 14 ಬಗೆಯ ಸ್ಟಿರಾಯ್ಡ್ ಮುಲಾಮುಗಳನ್ನು ಷೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿತು. ವೈದ್ಯರ ಚೀಟಿ ಇಲ್ಲದೆ ಇವನ್ನು ಮಾರುವಂತಿಲ್ಲ ಎಂದು ಕಾನೂನು ಹೇಳುತ್ತದೆ. ಕೌಂಟರಿನಲ್ಲಿ ಏನು ನಡೆಯುತ್ತದೆ ಎಂಬುದು ಓದುಗರಿಗೆ ಗೊತ್ತೇ ಇದೆ.

ಲಿಂಫೋಮಾದ ಮಟ್ಟಿಗೆ ಈ ಮುಲಾಮು ಮಾಡುವ ಕೇಡು ಬೇರೆ ಬಗೆಯದು. ಸ್ಟಿರಾಯ್ಡ್ ಲಿಂಫೋಸೈಟ್‌ಗಳನ್ನು ಕೊಲ್ಲುತ್ತದೆ; ಆರಂಭದ ಹಂತದಲ್ಲಿ ಅದು ಚಿಕಿತ್ಸೆಯೂ ಹೌದು. ಆದರೆ ಅರೆಬರೆ ಹಚ್ಚಿದಾಗ ಮೇಲ್ಪದರದ ಕಣಗಳಷ್ಟೇ ಕರಗಿ, ಮಚ್ಚೆ ಮಂಕಾಗಿ, ಒಳಗಿನ ಕಾಯಿಲೆ ಹಾಗೇ ಉಳಿಯುತ್ತದೆ. ಆ ಹೊತ್ತಿಗೆ ಯಾರಾದರೂ ಬಯಾಪ್ಸಿ ಮಾಡಿದರೂ ಸೂಕ್ಷ್ಮದರ್ಶಕದ ಕೆಳಗೆ ಏನೂ ತಿಳಿಯುವುದಿಲ್ಲ. ‘ಸಾಮಾನ್ಯ ಉರಿಯೂತ’ ಎಂಬ ವರದಿ ಬರುತ್ತದೆ, ಮನೆಯವರು ನಿಟ್ಟುಸಿರು ಬಿಡುತ್ತಾರೆ, ಇನ್ನೆರಡು ವರ್ಷ ಕಳೆದುಹೋಗುತ್ತದೆ. ಅದಕ್ಕೇ ಬಯಾಪ್ಸಿಗೆ ಎರಡರಿಂದ ನಾಲ್ಕು ವಾರ ಮೊದಲೇ ಮುಲಾಮು ನಿಲ್ಲಿಸಬೇಕು ಎನ್ನುತ್ತಾರೆ ತಜ್ಞರು. ಏನು ಹಚ್ಚಿದ್ದೀರಿ ಎಂದು ವೈದ್ಯರು ಕೇಳಬೇಕು. ಹಚ್ಚಿದ ಟ್ಯೂಬನ್ನು ರೋಗಿ ಬ್ಯಾಗಿನಲ್ಲಿ ಹಾಕಿಕೊಂಡು ಹೋಗಬೇಕು.

ಬಯಾಪ್ಸಿ ಎಂದಾಕ್ಷಣ ಜನ ಹೆದರುತ್ತಾರೆ. ‘ಕತ್ತರಿ ತಾಗಿಸಿದರೆ ಕ್ಯಾನ್ಸರ್ ಮೈತುಂಬ ಹರಡುತ್ತೆ’ ಎಂಬ ಮಾತು ಓದಿದವರ ಬಾಯಲ್ಲೂ ಕೇಳುತ್ತದೆ. ಚರ್ಮದ ತುಂಡು ತೆಗೆದರೆ ಲಿಂಫೋಮಾ ಹರಡುವುದಿಲ್ಲ. ನಡೆಯುವುದು ಇಷ್ಟೇ: ಜಾಗವನ್ನು ಸ್ವಚ್ಛ ಮಾಡಿ ಮರಗಟ್ಟಿಸುವ ಸೂಜಿಮದ್ದು ಕೊಡುತ್ತಾರೆ, ಆ ಚುರುಕೊಂದೇ ನೋವು. ‘ಪಂಚ್’ ಎಂಬ ನಾಲ್ಕು ಮಿಲಿಮೀಟರ್ ಬಾಯಿಯ ಉಕ್ಕಿನ ಕೊಳವೆಯನ್ನು ಚರ್ಮದ ಮೇಲಿಟ್ಟು ತಿರುಗಿಸುತ್ತಾ ಒತ್ತಿದರೆ ಕೊಬ್ಬಿನ ಪದರದವರೆಗೆ ಒಂದು ಸಣ್ಣ ಸಿಲಿಂಡರ್ ಬಿಡಿಸಿಕೊಳ್ಳುತ್ತದೆ. ಅದನ್ನು ಇಕ್ಕಳದಲ್ಲಿ ಹಿಸುಕದೆ ಸೂಜಿಯ ಮೊನೆಯಿಂದ ಮೆಲ್ಲಗೆ ಎತ್ತಬೇಕು. ಲಿಂಫೋಸೈಟ್‌ಗಳು ಬಲು ನಾಜೂಕು, ಹಿಸುಕಿದರೆ ಒಡೆದು ಮಸಿಯಂತೆ ಹರಡಿಕೊಳ್ಳುತ್ತವೆ. ಒಂದು ಹೊಲಿಗೆ, ಮುಖವಾದರೆ ಐದಾರು ದಿನಕ್ಕೆ ಬಿಚ್ಚುತ್ತಾರೆ. ತುಂಡು ಫಾರ್ಮಲಿನ್ ಬಾಟಲಿಗೆ ಬೀಳುತ್ತದೆ. ಹತ್ತು–ಹದಿನೈದು ನಿಮಿಷದ ಕೆಲಸ. ಮುಖದಲ್ಲಿ ಕಲೆ ಉಳಿದೀತೆಂದು ಚರ್ಮವನ್ನು ಮೇಲಿಂದ ಮೇಲೆ ಹೆರೆದು ತೆಗೆಯುವವರಿದ್ದಾರೆ. ಕೂದಲಿನ ಬುಡ ಹಿಡಿಯುವ ಬಗೆಯಲ್ಲಿ ಕಾಯಿಲೆ ಇರುವುದೇ ಆಳದಲ್ಲಿ, ಹೆರೆದ ಸಿಪ್ಪೆಯಲ್ಲಿ ಅದು ಸಿಗುವುದೇ ಇಲ್ಲ.

ಆ ಬಾಟಲಿಗೆ ಐಸ್ ಬೇಕಿಲ್ಲ, ಆಂಬುಲೆನ್ಸ್ ಬೇಕಿಲ್ಲ. ಫಾರ್ಮಲಿನ್‌ನಲ್ಲಿರುವ ತುಂಡು ಒಂದೆರಡು ದಿನದ ಪ್ರಯಾಣವನ್ನು ಧಾರಾಳವಾಗಿ ತಡೆದುಕೊಳ್ಳುತ್ತದೆ. ಹಾಗಿರುವಾಗ ಒಂದು ತುಂಡು ಪರೀಕ್ಷೆಗಾಗಿ ನಿಟ್ಟೂರಿನ ಕೂಲಿಯವರು ಕೆಲಸ ಬಿಟ್ಟು ತುಮಕೂರಿಗೋ ಬೆಂಗಳೂರಿಗೋ ಅಲೆಯುವುದು ಯಾಕೆ? ಗುಬ್ಬಿಯ ತಾಲ್ಲೂಕು ಆಸ್ಪತ್ರೆಯಲ್ಲಿ ತರಬೇತಾದ ಯಾವುದೇ ಎಂಬಿಬಿಎಸ್ ವೈದ್ಯರು ಈ ತುಂಡು ತೆಗೆಯಬಲ್ಲರು. ಬಾಟಲಿ ತುಮಕೂರಿಗೆ ಬಸ್ಸಿನಲ್ಲಿ ಹೋಗಲಿ. ಅಲ್ಲಿ, ನಿಟ್ಟೂರಿನಿಂದ ಮೂವತ್ತು ಕಿಲೋಮೀಟರ್ ಆಸುಪಾಸಿನಲ್ಲಿ, ಜಿಲ್ಲಾ ಆಸ್ಪತ್ರೆ ಇದೆ. ಸಿದ್ಧಾರ್ಥ, ಶ್ರೀದೇವಿ, ಸಿದ್ಧಗಂಗಾ ಎಂದು ಮೂರು ವೈದ್ಯಕೀಯ ಕಾಲೇಜುಗಳಿವೆ. ಚರ್ಮರೋಗ ಮತ್ತು ಪೆಥಾಲಜಿ ವಿಭಾಗಗಳಿಲ್ಲದೆ ವೈದ್ಯಕೀಯ ಕಾಲೇಜು ನಡೆಯುವಂತಿಲ್ಲ. ಜಿಲ್ಲೆಗೆ ಕೊರತೆ ಇರುವುದು ತಜ್ಞರದ್ದಲ್ಲ, ತಾಲ್ಲೂಕಿನ ಪಂಚ್ ಮತ್ತು ಜಿಲ್ಲೆಯ ಸೂಕ್ಷ್ಮದರ್ಶಕದ ನಡುವಿನ ದಾರಿಯದ್ದು.

ಬಾಟಲಿಯ ಜೊತೆ ಹೋಗುವ ಚೀಟಿಯೂ ಬಾಟಲಿಯಷ್ಟೇ ಮುಖ್ಯ. ‘ಚರ್ಮದ ತುಂಡು, ದಯವಿಟ್ಟು ವರದಿ ಕೊಡಿ’ ಎಂದಷ್ಟೇ ಬರೆದು ಕಳಿಸಿದರೆ ಪೆಥಾಲಜಿಸ್ಟ್ ಕಣ್ಣುಕಟ್ಟಿಕೊಂಡು ಹುಡುಕಿದಂತಾಗುತ್ತದೆ. ಮಚ್ಚೆ ಎಷ್ಟು ವರ್ಷದ್ದು, ಎಲ್ಲೆಲ್ಲಿದೆ, ಸ್ಪರ್ಶಜ್ಞಾನ ಇದೆಯೇ, ಏನೇನು ಹಚ್ಚಿದ್ದಾರೆ, ಎಲ್ಲವೂ ಬೇಕು. ಮೊಬೈಲಿನಲ್ಲಿ ತೆಗೆದ ಒಂದು ಫೋಟೊ ಇದ್ದರೆ ಇನ್ನೂ ಒಳ್ಳೆಯದು. ಆರಂಭದ ಹಂತದಲ್ಲಿ ಈ ಕಾಯಿಲೆಗೂ ಇಸುಬಿಗೂ ವ್ಯತ್ಯಾಸ ತೀರಾ ಸೂಕ್ಷ್ಮ. ಲಿಂಫೋಸೈಟ್‌ಗಳು ಹೊರಚರ್ಮದ ತಳದ ಸಾಲಿನಲ್ಲಿ ಒಂದರ ಪಕ್ಕ ಒಂದು ನಿಂತಿರುತ್ತವೆ, ಕೆಲವು ಮೇಲಕ್ಕೆ ಹತ್ತಿ ಗುಂಪುಗೂಡಿರುತ್ತವೆ. ಅವುಗಳ ಸುತ್ತ ತೆಳುವಾದ ಬಿಳಿ ವಲಯ ಕಾಣುತ್ತದೆ. ಇದನ್ನು ಕಂಡ ಮೇಲೂ ಇಮ್ಯುನೊ ಎಂದು ಕರೆಯುವ ಬಣ್ಣದ ಪರೀಕ್ಷೆಗಳು ಬೇಕು. ಸಿಡಿ3, ಸಿಡಿ4, ಸಿಡಿ8, ಸಿಡಿ7, ಸಿಡಿ20, ಸಿಡಿ30 ಮೊದಲಾದ ಗುರುತುಗಳಲ್ಲಿ ಯಾವುದು ಉಳಿದಿದೆ, ಯಾವುದು ಕಳೆದುಹೋಗಿದೆ ಎಂದು ಅವು ತೋರಿಸುತ್ತವೆ. ಅಲ್ಲೂ ತೀರ್ಮಾನವಾಗದಿದ್ದರೆ ಎಲ್ಲ ಕಣಗಳೂ ಒಂದೇ ತಾಯಿಕಣದ ಸಂತಾನವೇ ಎಂದು ಜೀನ್ ಪರೀಕ್ಷೆಯಲ್ಲಿ ನೋಡುತ್ತಾರೆ. ಮೊದಲ ಬಯಾಪ್ಸಿಯಲ್ಲಿ ಗೊತ್ತಾಗದಿರುವುದು ಯಾರ ತಪ್ಪೂ ಅಲ್ಲ. ಆರು ತಿಂಗಳು ಬಿಟ್ಟು ಎರಡನೆಯದು, ಬೇರೆ ಜಾಗದಿಂದ ಮೂರನೆಯದು ಮಾಡುವುದು ಇಲ್ಲಿ ರೂಢಿ. ಇದನ್ನು ರೋಗಿಗೆ ಮೊದಲೇ ಹೇಳಬೇಕು. ಹೇಳದಿದ್ದರೆ ‘ಈ ಡಾಕ್ಟರಿಗೆ ಏನೂ ಗೊತ್ತಿಲ್ಲ’ ಎಂದು ಅವರು ಬೇರೆ ಕಡೆ ಹೋಗುತ್ತಾರೆ, ಅಲ್ಲಿ ಮತ್ತೆ ಟ್ಯೂಬಿನಿಂದ ಶುರು.

ಇಂಥ ರೋಗಿಗಳನ್ನು ಹುಡುಕುವವರಿಲ್ಲ ಎಂಬ ಕೊರತೆಯನ್ನು ಕುಷ್ಠರೋಗದ ಕಾರ್ಯಕ್ರಮ ತುಂಬಬಲ್ಲದು. 2005ರ ಡಿಸೆಂಬರ್‌ನಲ್ಲಿ ಭಾರತ ಹತ್ತು ಸಾವಿರಕ್ಕೆ ಒಂದಕ್ಕಿಂತ ಕಡಿಮೆ ಕುಷ್ಠರೋಗಿಗಳೆಂಬ ಮಟ್ಟ ಮುಟ್ಟಿತು. ಆದರೂ ಹುಡುಕಾಟ ನಿಂತಿಲ್ಲ, ನಿಲ್ಲಲೂ ಬಾರದು. 2017ರಿಂದ ಪ್ರತಿ ಜನವರಿ 30ರ ಗಾಂಧಿ ಪುಣ್ಯತಿಥಿಯಂದು ‘ಸ್ಪರ್ಶ್’ ಜಾಗೃತಿ ಅಭಿಯಾನ ಗ್ರಾಮಸಭೆಗಳಲ್ಲಿ ನಡೆಯುತ್ತದೆ. ಆಶಾ ಕಾರ್ಯಕರ್ತೆಯರು ಮನೆಗೆ ಬಂದು ಮೈಮೇಲೆ ಮಚ್ಚೆ ಇದೆಯೇ, ಅಲ್ಲಿ ಸ್ಪರ್ಶ ಗೊತ್ತಾಗುತ್ತದೆಯೇ ಎಂದು ಕೇಳುತ್ತಾರೆ. ಸ್ಪರ್ಶ ಇಲ್ಲದಿದ್ದರೆ ಮುಂದಿನ ದಾರಿ ಖಚಿತ: ಪ್ರಾಥಮಿಕ ಆರೋಗ್ಯ ಕೇಂದ್ರ, ಪರೀಕ್ಷೆ, ಮಾತ್ರೆ. ಸ್ಪರ್ಶ ಇದ್ದರೆ? ‘ಕುಷ್ಠ ಅಲ್ಲ ಬಿಡಿ’ ಎಂಬಲ್ಲಿಗೆ ಮಾತು ಮುಗಿಯುತ್ತದೆ. ಆಶಾ ಕಾರ್ಯಕರ್ತೆಯರು ತುಂಬುವ ನಮೂನೆಯಲ್ಲಿ ಇನ್ನೊಂದೇ ಕಾಲಂ ಸೇರಿಸಬೇಕು: ಸ್ಪರ್ಶ ಇದೆ, ಆದರೆ ಮಚ್ಚೆ ಆರು ತಿಂಗಳಿಗಿಂತ ಹಳೆಯದು, ಅಥವಾ ಹುಬ್ಬು ಉದುರುತ್ತಿದೆ, ಅಥವಾ ಮುಖದಲ್ಲಿ ಗಂಟು ಇದೆ. ಇವರನ್ನು ತುಂಡು ಪರೀಕ್ಷೆಗೆ ಕಳಿಸಬೇಕು. ಹೊಸ ಇಲಾಖೆ ಬೇಡ, ಹೊಸ ನೌಕರರು ಬೇಡ. ಇದು ಇನ್ನೊಂದು ದಿಕ್ಕಿನಲ್ಲೂ ಉಪಯೋಗಕ್ಕೆ ಬರುತ್ತದೆ, ಏಕೆಂದರೆ ಮುಖದಲ್ಲಿ ಗಂಟು ಏಳಿಸುವ ಬಗೆಯ ಕುಷ್ಠದಲ್ಲಿ ಆರಂಭದಲ್ಲಿ ಸ್ಪರ್ಶ ಹೋಗದೆಯೂ ಇರಬಹುದು. ಅಂಥವರನ್ನೂ ಇದೇ ತುಂಡು, ಬ್ಯಾಕ್ಟೀರಿಯಾ ಗುರುತಿಸುವ ಬಣ್ಣ ಹಾಕಿದಾಗ, ಪತ್ತೆ ಮಾಡಿಕೊಡುತ್ತದೆ.

ಇಷ್ಟೆಲ್ಲ ಹೇಳಿದ್ದು ನಿಧಾನದ ಕಾಯಿಲೆಯ ಬಗ್ಗೆ. ಮೂಗಿನ ಸುತ್ತ ಬರುವ ಒಂದು ಲಿಂಫೋಮಾಕ್ಕೆ ಆ ನಿಧಾನವಿಲ್ಲ. ಮೂಗು ಕಟ್ಟುವುದು, ರಕ್ತ ಸೋರುವುದು, ಮೂಗಿನ ಪಕ್ಕದ ಚರ್ಮ ಊದಿ ಕಪ್ಪಗಾಗುವುದು, ಅಂಗುಳಕ್ಕೆ ತೂತು ಬೀಳುವುದು ಇದರ ಲಕ್ಷಣಗಳು. ಇದು ಎನ್‌ಕೆ/ಟಿ-ಕಣದ ಲಿಂಫೋಮಾ, ಎಪ್‌ಸ್ಟೀನ್–ಬಾರ್ ವೈರಸ್ಸಿಗೆ ಅಂಟಿಕೊಂಡದ್ದು. 2021ರ ಕೋವಿಡ್ ಎರಡನೇ ಅಲೆಯಲ್ಲಿ ಕರ್ನಾಟಕ ಕಂಡ ಕಪ್ಪು ಶಿಲೀಂಧ್ರದ ಸೋಂಕೂ ಮುಖದ ನಡುವನ್ನೇ ಹೀಗೆ ಕೊರೆಯುತ್ತದೆ. ಈ ಲಿಂಫೋಮಾದಲ್ಲಿ ಬಯಾಪ್ಸಿ ಮಾಡಿದರೂ ಸತ್ತ ಮಾಂಸವೇ ಸಿಕ್ಕಿ ‘ಏನೂ ಇಲ್ಲ’ ಎಂಬ ವರದಿ ಬರುವುದು ಸಾಮಾನ್ಯ. ಆಳಕ್ಕೆ ಹೋಗಿ ಜೀವಂತ ಅಂಚಿನಿಂದ ಮತ್ತೆ ತೆಗೆಯಬೇಕು, ವೈರಸ್ಸಿನ ಗುರುತನ್ನು ಪ್ರತ್ಯೇಕವಾಗಿ ಹುಡುಕಬೇಕು. ಹೆಸರು ತಪ್ಪಿದರೆ ಔಷಧವೂ ತಪ್ಪುತ್ತದೆ. ಬೇರೆ ಲಿಂಫೋಮಾಗಳಿಗೆ ಕೊಡುವ ಮಾಮೂಲಿ ಕಿಮೋ ಇಲ್ಲಿ ಅಷ್ಟಾಗಿ ಕೆಲಸ ಮಾಡುವುದಿಲ್ಲ, ಏಕೆಂದರೆ ಈ ಕಣಗಳ ಹೊರಪೊರೆಯಲ್ಲಿ ಔಷಧವನ್ನು ಹೊರಕ್ಕೆ ಎಸೆಯುವ ಪಂಪ್‌ನಂಥ ಪ್ರೋಟೀನ್ ಇದೆ. ಮಕ್ಕಳ ರಕ್ತಕ್ಯಾನ್ಸರಿಗೆ ದಶಕಗಳಿಂದ ಬಳಸುತ್ತಿರುವ ಆಸ್ಪರಾಜಿನೇಸ್ ಎಂಬ ಔಷಧ, ಜೊತೆಗೆ ರೇಡಿಯೇಷನ್ ಬೇಕಾಗುತ್ತದೆ. ಇಲ್ಲಿ ವಾರಗಳು ಲೆಕ್ಕಕ್ಕೆ ಬರುತ್ತವೆ. ಕಿವಿ–ಮೂಗು–ಗಂಟಲು ತಜ್ಞರು ಮತ್ತು ಕ್ಯಾನ್ಸರ್ ತಜ್ಞರು ಒಂದೇ ದಿನ ಫೋನಿನಲ್ಲಿ ಮಾತಾಡಿಕೊಳ್ಳುವ ವ್ಯವಸ್ಥೆ ಇರಬೇಕು.

ಬಿ-ಕಣದ ಬಗೆ ಇದಕ್ಕೆ ತದ್ವಿರುದ್ಧ. ಹಣೆಯ ಮೇಲೋ ತಲೆಯ ಮೇಲೋ ನೇರಳೆಗೆಂಪಿನ ನುಣುಪಾದ ಗಂಟು, ನೋವಿಲ್ಲ, ತುರಿಕೆಯಿಲ್ಲ. ‘ಕೊಬ್ಬಿನ ಗಂಟು’ ಎಂದು ತೆಗೆದು ಬುಟ್ಟಿಗೆ ಎಸೆದರೆ ಮುಗಿಯಿತು, ಮತ್ತೆ ಪಕ್ಕದಲ್ಲಿ ಎದ್ದಾಗ ಮೊದಲಿನದು ಏನಾಗಿತ್ತೆಂದು ಹೇಳುವವರಿಲ್ಲ. ಮೈಯಿಂದ ತೆಗೆದ ಪ್ರತಿ ಗಂಟೂ ಲ್ಯಾಬಿಗೆ ಹೋಗಲೇಬೇಕು ಎಂಬ ನಿಯಮವನ್ನು ಸಣ್ಣ ನರ್ಸಿಂಗ್ ಹೋಮ್‌ಗಳೂ ಪಾಲಿಸುವಂತೆ ಮಾಡಬೇಕು. ಈ ಬಗೆಯ ನಿಧಾನದ ಲಿಂಫೋಮಾದಲ್ಲಿ ಆ ಜಾಗಕ್ಕಷ್ಟೇ ರೇಡಿಯೇಷನ್ ಕೊಟ್ಟರೆ ನೂರಕ್ಕೆ ತೊಂಬತ್ತೈದರ ಆಸುಪಾಸು ರೋಗಿಗಳು ಐದು ವರ್ಷದಾಚೆಗೂ ಬದುಕಿರುತ್ತಾರೆ. ಲಿಂಫೋಸೈಟ್ ಗುಂಪು ಕಂಡದ್ದೆಲ್ಲ ಕ್ಯಾನ್ಸರ್ ಎಂದೂ ತಿಳಿಯಬಾರದು. ಕೀಟ ಕಡಿತದಿಂದ, ಹಚ್ಚೆಯ ಬಣ್ಣದಿಂದ, ಮೂರ್ಛೆರೋಗಕ್ಕೆ ಕೊಡುವ ಫೆನಿಟೊಯಿನ್ ಮಾತ್ರೆಯಿಂದಲೂ ಲಿಂಫೋಮಾದಂತೆಯೇ ಕಾಣುವ ಗಂಟುಗಳು ಏಳುತ್ತವೆ, ಕಾರಣ ಸರಿದರೆ ಅವೂ ಹೋಗುತ್ತವೆ.

ಕ್ಯಾನ್ಸರ್ ಎಂಬ ಮಾತು ಕಿವಿಗೆ ಬಿದ್ದ ಮೇಲೆ ಇನ್ನೊಂದು ಅಪಾಯ ಶುರುವಾಗುತ್ತದೆ. ತೋಟ ಅಡವಿಟ್ಟಾದರೂ ದೊಡ್ಡ ಚಿಕಿತ್ಸೆ ಕೊಡಿಸಬೇಕು ಎಂದು ಮನೆಯವರು ಹೊರಡುತ್ತಾರೆ. ಆರಂಭದ ಮೈಕೋಸಿಸ್ ಫಂಗಾಯ್ಡಿಸ್‌ಗೆ ದೊಡ್ಡ ಚಿಕಿತ್ಸೆಯಿಂದ ಲಾಭವಿಲ್ಲ ಎಂಬುದು ಹಳೆಯ ಸಂಗತಿ. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ವೈದ್ಯರು 103 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಮೊದಲಿನಿಂದಲೇ ಕಿಮೋ ಮತ್ತು ಇಡೀ ಮೈಯ ಚರ್ಮಕ್ಕೆ ರೇಡಿಯೇಷನ್, ಇನ್ನೊಂದಕ್ಕೆ ಹಂತಹಂತವಾಗಿ ಸೌಮ್ಯ ಚಿಕಿತ್ಸೆ ಕೊಟ್ಟು ನೋಡಿದರು. 1989ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಬದುಕುಳಿಯುವ ಪ್ರಮಾಣದಲ್ಲಿ ವ್ಯತ್ಯಾಸವಿರಲಿಲ್ಲ. ಅಡ್ಡಪರಿಣಾಮ ಮಾತ್ರ ಮೊದಲ ಗುಂಪಿಗೆ ಹೆಚ್ಚು. ಮೈಯ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ ಮಚ್ಚೆಗಳಿರುವ ಮೊದಲ ಹಂತದ ರೋಗಿ ಉಳಿದವರಷ್ಟೇ ವರ್ಷ ಬದುಕುತ್ತಾನೆ. ಅವನಿಗೆ ಬೇಕಾದ್ದು ಸರಿಯಾದ ಮುಲಾಮು, ಬೆಳಕಿನ ಚಿಕಿತ್ಸೆ, ವರ್ಷಗಟ್ಟಲೆ ಕಣ್ಣಿಟ್ಟು ನೋಡುವ ಒಬ್ಬ ವೈದ್ಯ. ಮುಖದ ದಪ್ಪ ಗಂಟಿಗೆ ಜನ ‘ಕರೆಂಟ್ ಕೊಡಿಸೋದು’ ಎನ್ನುವ ರೇಡಿಯೇಷನ್ ಅದ್ಭುತವಾಗಿ ಕೆಲಸ ಮಾಡುತ್ತದೆ. ಬೇರೆ ಕ್ಯಾನ್ಸರ್‌ಗಳಿಗೆ ಐದಾರು ವಾರ ಕೊಡುವಲ್ಲಿ ಇದಕ್ಕೆ ಎಷ್ಟೋ ಸಲ ಎರಡೇ ಸಲ, ಒಟ್ಟು ಎಂಟು ಗ್ರೇ ಸಾಕಾಗುತ್ತದೆ. ರೆಪ್ಪೆಯ ಮೇಲಿದ್ದರೆ ಕಣ್ಣಿನೊಳಗೆ ಲೋಹದ ತೆಳು ಕವಚವಿಟ್ಟು ಕೊಡುತ್ತಾರೆ. ಇಂಥ ಕಾಯಿಲೆ ದಾಟಿದವರೂ ಇದ್ದಾರೆ. ‘ರಾಕಿ 3’ ಚಿತ್ರದ ನಟ ಮಿಸ್ಟರ್ ಟಿ ಅವರಿಗೆ 1995ರಲ್ಲಿ ಟಿ-ಕಣದ ಲಿಂಫೋಮಾ ಪತ್ತೆಯಾದದ್ದು ಕಿವಿಯ ಮೇಲಿನ ಸಣ್ಣ ಹುಣ್ಣಿನಿಂದ. ಕಾಯಿಲೆ ಮರುಕಳಿಸಿತು, ಚಿಕಿತ್ಸೆ ನಡೆಯಿತು, ಅವರು ದಶಕಗಳ ಕಾಲ ಅದನ್ನು ದಾಟಿ ಬದುಕಿದರು.

ಬೆಳಕಿನ ಚಿಕಿತ್ಸೆಯ ತೊಡಕು ಬೇರೆ. 311 ನ್ಯಾನೊಮೀಟರ್ ಅಲೆಯುದ್ದದ ನೇರಳಾತೀತ ಬೆಳಕಿನ ಕೆಳಗೆ ವಾರಕ್ಕೆ ಎರಡು–ಮೂರು ಸಲ, ತಿಂಗಳುಗಟ್ಟಲೆ ನಿಲ್ಲಬೇಕು. ಬೆಳಕು ಬೀಳುವುದು ಕೆಲವೇ ನಿಮಿಷ. ಅದಕ್ಕಾಗಿ ನಿಟ್ಟೂರಿನಿಂದ ತುಮಕೂರಿಗೆ ಹೋಗಿ ಬರುವುದರಲ್ಲಿ ಅರ್ಧ ದಿನ ಹೋಗುತ್ತದೆ, ಅಡಿಕೆ ಸುಲಿಯುವ ಕಾಲದಲ್ಲಿ ಒಂದಿಡೀ ದಿನದ ಕೂಲಿಯೇ ಹೋಗುತ್ತದೆ. ತಿಂಗಳೊಪ್ಪತ್ತಿನಲ್ಲಿ ಜನ ಬಿಟ್ಟುಬಿಡುತ್ತಾರೆ, ‘ರೋಗಿ ಸಹಕರಿಸಲಿಲ್ಲ’ ಎಂದು ಕಡತದಲ್ಲಿ ದಾಖಲಾಗುತ್ತದೆ. ಅದೇ ದೀಪ ತೊನ್ನಿಗೂ ಸೋರಿಯಾಸಿಸ್‌ಗೂ ಬಳಕೆಯಾಗುತ್ತದೆ. ಗುಬ್ಬಿ, ಕುಣಿಗಲ್‌ನಂಥ ತಾಲ್ಲೂಕು ಆಸ್ಪತ್ರೆಗಳಲ್ಲಿ ಒಂದೊಂದು ಘಟಕ ಇಟ್ಟರೆ ಅಪರೂಪದ ಒಬ್ಬ ಲಿಂಫೋಮಾ ರೋಗಿಯ ಜೊತೆ ತೊನ್ನಿನ ನೂರು ಜನಕ್ಕೂ ಅದು ಒದಗುತ್ತದೆ.

ಕಾಯಿಲೆ ಮುಂದುವರಿದವರಿಗೆ ದೊಡ್ಡ ಆಸ್ಪತ್ರೆ ಅನಿವಾರ್ಯ. 1973ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ ರಾಜ್ಯದ ಬಡವರ ಮುಖ್ಯ ಆಸರೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ, ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೆ ರೈಲಿನಲ್ಲಿ ರಿಯಾಯಿತಿ ಇದೆ. ಆದರೆ ಯೋಜನೆಯ ಹಣ ಬರುವುದು ಕಾಯಿಲೆಗೆ ಹೆಸರು ಬಿದ್ದ ಮೇಲೆ. ಹೆಸರಿಡುವುದಕ್ಕೆ ಬೇಕಾದ ಇಮ್ಯುನೊ, ಜೀನ್ ಪರೀಕ್ಷೆಗಳ ಸಾವಿರಾರು ರೂಪಾಯಿ ರೋಗಿಯ ಜೇಬಿನಿಂದಲೇ ಹೋಗುತ್ತದೆ, ಹಲವರು ಅಲ್ಲಿಗೇ ನಿಲ್ಲುತ್ತಾರೆ. ಬ್ರೆಂಟುಕ್ಸಿಮಾಬ್‌ನಂಥ ಹೊಸ ಔಷಧಗಳು ಬಂದಿವೆ. 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಹಳೆಯ ಔಷಧ ಪಡೆದವರಲ್ಲಿ ನೂರಕ್ಕೆ ಸುಮಾರು 13 ಜನರಿಗೆ ಕನಿಷ್ಠ ನಾಲ್ಕು ತಿಂಗಳು ಉಳಿಯುವ ಗುಣ ಕಂಡರೆ, ಇದನ್ನು ಪಡೆದವರಲ್ಲಿ 56 ಜನರಿಗೆ ಕಂಡಿತು. ಬೆಲೆ ಲಕ್ಷಗಳಲ್ಲಿ. ಅದರ ಬಗ್ಗೆ ಚರ್ಚೆ ನಡೆಯಲಿ. ಆದರೆ ಮೊದಲು ಇಮ್ಯುನೊ ಪರೀಕ್ಷೆಯನ್ನು ಉಚಿತ ಪಟ್ಟಿಗೆ ಸೇರಿಸುವುದು ಹೆಚ್ಚು ಜನರನ್ನು ಉಳಿಸುತ್ತದೆ.

ಲೆಕ್ಕದಲ್ಲೂ ಇವರು ಕಾಣುವುದಿಲ್ಲ. ಎಂಬತ್ತರ ದಶಕದ ಆರಂಭದಿಂದ ಕಿದ್ವಾಯಿ ಸಂಸ್ಥೆ ಬೆಂಗಳೂರಿನ ಕ್ಯಾನ್ಸರ್ ನೋಂದಣಿ ನಡೆಸುತ್ತಿದೆ. ಆದರೆ ಅದರ ವ್ಯಾಪ್ತಿ ಬೆಂಗಳೂರು; ಮತ್ತು ರಾಷ್ಟ್ರೀಯ ನೋಂದಣಿ ವರದಿಗಳಲ್ಲಿ ಚರ್ಮದ ಲಿಂಫೋಮಾ ‘ನಾನ್ ಹಾಜ್‌ಕಿನ್ ಲಿಂಫೋಮಾ’ ಎಂಬ ದೊಡ್ಡ ಸಾಲಿನೊಳಗೆ ಸೇರಿಹೋಗುತ್ತದೆ. ತುಮಕೂರಿನ ಮೂರು ಕಾಲೇಜುಗಳು ಮತ್ತು ಜಿಲ್ಲಾ ಆಸ್ಪತ್ರೆ ತಿಂಗಳಿಗೊಮ್ಮೆ ಕೂತು, ಆ ತಿಂಗಳ ಕಷ್ಟದ ಚರ್ಮದ ಸ್ಲೈಡುಗಳನ್ನು ಚರ್ಮತಜ್ಞರು, ಪೆಥಾಲಜಿಸ್ಟರು ಒಟ್ಟಿಗೆ ನೋಡಿ, ಅನುಮಾನ ಉಳಿದದ್ದನ್ನು ಬೆಂಗಳೂರಿಗೆ ಕಳಿಸುವ ಪದ್ಧತಿ ಹಾಕಿಕೊಂಡರೆ ಜಿಲ್ಲೆಗೆ ತನ್ನದೇ ಲೆಕ್ಕ ಸಿಗುತ್ತದೆ, ಕಲಿಯುವ ಹುಡುಗರ ಕಣ್ಣೂ ಪಳಗುತ್ತದೆ.

ಅಲ್ಲಿಯವರೆಗೆ ರೋಗಿ ಮತ್ತು ಮನೆಯವರು ತಿಳಿದಿರಬೇಕಾದ ಒಂದು ವ್ಯಾವಹಾರಿಕ ವಿಷಯವಿದೆ. ತೆಗೆದ ತುಂಡನ್ನು ಲ್ಯಾಬಿನಲ್ಲಿ ಮೇಣದ ಸಣ್ಣ ಬಿಲ್ಲೆಯೊಳಗೆ ಹುದುಗಿಸಿ ಇಟ್ಟಿರುತ್ತಾರೆ. ಅದಕ್ಕೆ ‘ಬ್ಲಾಕ್’ ಎನ್ನುತ್ತಾರೆ. ಬೆಂಗಳೂರಿಗೆ ಹೋಗುವಾಗ ಬರೀ ವರದಿಯ ಕಾಗದ ಸಾಲದು. ಬ್ಲಾಕ್ ಮತ್ತು ಸ್ಲೈಡುಗಳನ್ನು ರಸೀದಿ ಬರೆದುಕೊಟ್ಟು ಕೇಳಿ ಪಡೆಯಬೇಕು. ಅವಿದ್ದರೆ ಅಲ್ಲಿನ ಪೆಥಾಲಜಿಸ್ಟ್ ಹೊಸ ಬಣ್ಣದ ಪರೀಕ್ಷೆಗಳನ್ನು ಅದೇ ತುಂಡಿನ ಮೇಲೆ ಮಾಡಬಹುದು, ಮುಖಕ್ಕೆ ಇನ್ನೊಂದು ಗಾಯ ತಪ್ಪಬಹುದು. ಬ್ಲಾಕನ್ನು ಬಿಸಿಲಿನಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಇಡಬಾರದು, ಮೇಣ ಕರಗುತ್ತದೆ. ಚೀಟಿಯಲ್ಲಿ ಬರೆದ ಬ್ಲಾಕ್ ನಂಬರ್ ಮತ್ತು ಬಿಲ್ಲೆಯ ಮೇಲಿನ ನಂಬರ್ ಒಂದೇ ಇದೆಯೇ ಎಂದು ಕೌಂಟರಿನಲ್ಲೇ ನೋಡಿಕೊಳ್ಳಬೇಕು.